ಕೊಡವಿಲ್ಲದ ಪಾಳಿ

ಮಾರ್ಚ್ 12, 2007, ಸೋಮವಾರ

ಬಾಯಿಗೆ ಬಂದದ್ದನ್ನು ಆಡಿದರೆ ಗುಡೇಕೋಟೆಯೆಲ್ಲ ಕೇಳುತ್ತದೆ. ಬರೆದರೆ ಯಾರೂ ಕೇಳುವುದಿಲ್ಲ. ಅದಕ್ಕೇ ಮೊಮ್ಮಗಳು ಯಶೋಧಾಳ ಹೋದ ವರ್ಷದ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳನ್ನು ನಾನು ಇಟ್ಟುಕೊಂಡಿದ್ದೇನೆ. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಒತ್ತು ದೀರ್ಘ ತಪ್ಪಿದರೆ ತಪ್ಪಲಿ, ತಿದ್ದುವ ಮಾಸ್ತರು ಎಂದೋ ಸತ್ತಿದ್ದಾನೆ.

ಅಳಿಯ ಪಾಲಾಕ್ಷಪ್ಪನ ಉಡಿಕಿ ನಿನ್ನೆ ಮುಗಿಯಿತಂತೆ. ನನ್ನ ಮಗಳು ಶಿವಲೀಲಾ ಕಾಮಾಲೆಯಾಗಿ ಹೋದದ್ದು ದೀಪಾವಳಿ ಆದ ಮೇಲೆ. ಈಗ ಅವಳ ಮನೆಗೆ ಹೊಳೆ ದಂಡೆಯ ಮಾಗಳದಿಂದ ಒಬ್ಬಳು ಬಂದಿದ್ದಾಳೆ. ಅವಳ ಮೊದಲ ಗಂಡನೂ ತೀರಿಕೊಂಡಿದ್ದಾನೆ, ಮಕ್ಕಳಿಲ್ಲ. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದಕ್ಕೆ ನಮ್ಮಲ್ಲಿ ಉಡಿಕಿ ಅನ್ನುತ್ತಾರೆ. ಹಂದರ ಇಲ್ಲ, ವಾಲಗ ಇಲ್ಲ. ನನ್ನನ್ನು ಕರೆದಿದ್ದರು, ಹೋಗಲಿಲ್ಲ.

ಪಕ್ಕದ ಮನೆ ಗಾದೆಮ್ಮ ಈ ಸುದ್ದಿ ಹೇಳಿ ನನ್ನ ಮುಖವನ್ನೇ ನೋಡುತ್ತ ಕೂತಳು.

"ಯಕ್ಕಾ, ಒಂದೀಟು ಅತ್ತುಬಿಡು. ಎದಿ ಹಗುರಾಕ್ಕತಿ."

"ನಿನ್ನ ಕಣ್ಣು ತಂಪಾಗ್ಲಿ ಅಂತ ನಾ ಅಳಬೇಕೇನು? ಹೋಗು, ನಿನ್ನ ಒಲಿ ಮ್ಯಾಲ ಬ್ಯಾಳಿ ಹೊತ್ತಾಕತ್ತೈತಿ."

ಎದ್ದು ಓಡಿದಳು. ಬೇಳೆ ಹೊತ್ತುತ್ತಿತ್ತೋ ಇಲ್ಲವೋ ನನಗೇನು ಗೊತ್ತು. ಈಗೀಗ ನನಗೆ ಯಾವ ವಾಸನೆಯೂ ಬರುವುದಿಲ್ಲ.

ಯಶಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ. ಒಂದು ಮಾತೂ ಕೇಳಲಿಲ್ಲ. ತಾಯಿ ಸತ್ತ ದಿನವೂ ಆ ಹುಡುಗಿ ಅಳಲಿಲ್ಲ. ಅಜ್ಜಿ ಮೊಮ್ಮಗಳು ಇಬ್ಬರೂ ಎರಡು ಗುಂಡುಕಲ್ಲು.

ಮಾರ್ಚ್ 22, ಗುರುವಾರ

ಯುಗಾದಿಯ ಬೇವು ಕಹಿ ಇರಲಿಲ್ಲ. ಬೆಲ್ಲ ಸಿಹಿ ಇರಲಿಲ್ಲ. ಎರಡನ್ನೂ ಅಗಿದು ನುಂಗಿದೆ.

ಇವತ್ತು ಪಾಲಾಕ್ಷಪ್ಪ ಬಂದಿದ್ದ, ಒಬ್ಬನೇ. ಹರಪನಹಳ್ಳಿಯಲ್ಲಿ ಬಾಡಿಗೆ ಟ್ರ್ಯಾಕ್ಸ್ ಓಡಿಸುವವನು. ಗಡ್ಡ ಬೋಳಿಸಿದ್ದ. ಅದನ್ನು ನೋಡಿ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ಅತ್ತಿ, ಸಾಲಿ ಸುರುವಾಗೋದರಾಗ ಯಶಿನ ಕರಕೊಂಡು ಹೋಗ್ತೀನ್ರಿ," ಅಂದ.

"ಯಾಕ, ನಿನ್ನ ಹೊಸ ಹೆಂಡ್ತಿಗೆ ಮುಸುರಿ ತಿಕ್ಕಾಕ ಆಳು ಬೇಕೇನು?"

ತಲೆ ಬಗ್ಗಿಸಿದ. ಮಗಳು ತನ್ನವಳು ಅಂದ. ಸತ್ತ ನನ್ನ ಮಗಳ ಕೂಸು ನನ್ನದು ಅಂದೆ. ನಮ್ಮ ಓಣಿಯ ಹಿರಿಯ ಗುರುಸಂಗಪ್ಪನನ್ನು ಕರೆಸಿದೆವು. ಅವನು ಕೂತು, ಎಲೆ ಅಡಿಕೆ ಹಾಕಿಕೊಂಡು, ಇಬ್ಬರ ಮಾತೂ ಕೇಳಿ, ಕೊನೆಗೆ ಹೇಳಿದ: "ಹುಡುಗಿ ಬಾಯಿಲೇ ಬರ್ಲಿ. ಮೇ ತಿಂಗಳಾಗ ನಾ ಕೇಳ್ತೀನಿ. ಹೋಗ್ತೀನಂದ್ರ ಕಳಿಸು, ಒಲ್ಲೆ ಅಂದ್ರ ಇವನು ಸುಮ್ಮನಿರ್ಬೇಕು."

ನಾನು ಒಪ್ಪಿದೆ. ಯಶಿ ಒಲ್ಲೆ ಅನ್ನುತ್ತಾಳೆ. ಅವಳು ನನ್ನ ಸೆರಗು ಬಿಟ್ಟು ಅಂಗಳಕ್ಕೂ ಹೋಗುವವಳಲ್ಲ. ಅವಳೂ ಹೋದರೆ ಈ ಮನೆಯಲ್ಲಿ ನನಗೆ ಉಳಿಯುವುದು ಒಲೆ ಒಂದೇ.

ಹೋಗುವಾಗ ಪಾಲಾಕ್ಷಪ್ಪ ಮಗಳ ಕೈಗೆ ಬಣ್ಣದ ಕಾಗದ ಕೊಟ್ಟ. ಬೆಂಗಳೂರಿನ ಹತ್ತಿರ ಒಂದು ಆಟದ ಪಾರ್ಕು, ಅದರಲ್ಲಿ ಗುಡ್ಡದ ಮೇಲಿಂದ ನೀರಿಗೆ ಧುಮುಕುವ ದೋಣಿ. ಬೇಸಿಗೆಗೆ ಕರೆದುಕೊಂಡು ಹೋಗಿ ಆ ದೋಣಿ ಹತ್ತಿಸುತ್ತೇನೆ ಎಂದು ಶಿವಲೀಲಾ ಮಾತು ಕೊಟ್ಟಿದ್ದಳಂತೆ.

"ಅವ್ವ ಹೇಳಿದ್ದಳು," ಅಂದಳು ಯಶಿ. ಇವತ್ತು ಅವಳು ಆಡಿದ್ದು ಅದೊಂದೇ ಮಾತು.

ಏಪ್ರಿಲ್ 16, ಸೋಮವಾರ

ಕರೆಂಟು ಮಧ್ಯಾಹ್ನ ಬಂತು, ನಲ್ಲಿಯೂ ಬಂತು. ಬೆಳಗ್ಗೆಯೇ ಕೊಡ ಇಟ್ಟು ಪಾಳಿ ಹಚ್ಚಿದ್ದೆ. ನಾಗಪ್ಪನ ಮನೆಗೆ ಹೊಸದಾಗಿ ಬಂದ ಸೊಸೆ ನನ್ನ ಕೊಡವನ್ನು ಕಾಲಿನಿಂದ ಸರಿಸಿದಳು. ಅವಳ ಏಳು ತಲೆಮಾರನ್ನು ನೀರಿಲ್ಲದೆ ತೊಳೆದೆ. ಈ ಊರಲ್ಲಿ ಕೊಡ ನಿಂತಿತು ಅಂದರೆ ಮನುಷ್ಯಳೇ ನಿಂತ ಹಾಗೆ. ಕೊಡ ಇಲ್ಲದವಳು ಕಲ್ಲಿಡುತ್ತಾಳೆ, ಚಪ್ಪಲಿ ಬಿಡುತ್ತಾಳೆ. ಹೊಲಕ್ಕೆ ಹೋಗಿ ಕಳೆ ತೆಗೆದು ಬಂದರೂ ಪಾಳಿ ಅಲ್ಲೇ ಇರುತ್ತದೆ.

ಬೈದು ಬಂದ ಮೇಲೆ ಬೇರೆ ದಿನಗಳಲ್ಲಾದರೆ ಹಸಿವಾಗುತ್ತಿತ್ತು. ಆಗಲಿಲ್ಲ.

ಮೇ 7, ಸೋಮವಾರ, ಹರಪನಹಳ್ಳಿ

ಕೂಡ್ಲಿಗಿಗೆ ಒಂದು ಬಸ್ಸು, ಕೊಟ್ಟೂರಿಗೆ ಒಂದು, ಅಲ್ಲಿಂದ ಇಲ್ಲಿಗೆ ಒಂದು. ಪಾಲಾಕ್ಷಪ್ಪನಿಗೆ ಇಲ್ಲಿನ ಮಾಸ್ತರ ಮನೆಯವರ ಬಾಡಿಗೆ ಸಿಕ್ಕಿದೆ, ಅದೇ ಪಾರ್ಕಿಗೆ. ಹಿಂದಿನ ಸೀಟಿನಲ್ಲಿ ಮೂರು ಜನರಿಗೆ ಜಾಗ ಇದೆ. ಯಶಿ, ಅವನ ಮನೆಯ ಹೊಸಬಳು, ನಾನು. ಹುಡುಗಿಯನ್ನು ಒಬ್ಬಳನ್ನೇ ಅವರ ಜೊತೆ ಕಳಿಸಲು ನಾನೇನು ಕುರುಡಿಯೇ? ಒಂದು ದೋಣಿ ತೋರಿಸಿ ಕೂಸನ್ನು ಕೊಂಡುಕೊಳ್ಳುವ ಹುನ್ನಾರ ಇದು.

ಮಗಳ ಅಡಿಗೆಮನೆಯಲ್ಲಿ ಡಬ್ಬಿಗಳೆಲ್ಲ ಶಿವಲೀಲಾ ಇಟ್ಟಲ್ಲೇ ಇದ್ದವು. ಹೊಸಬಳು ಒಂದನ್ನೂ ಸರಿಸಿಲ್ಲ. ತೆಳ್ಳಗಿದ್ದಾಳೆ, ಮೆಲ್ಲಗೆ ಮಾತಾಡುತ್ತಾಳೆ. ಒಲೆಯ ಮುಂದೆ ಕೂತು ನನ್ನನ್ನು ಕೇಳಿದಳು: "ಯವ್ವಾ, ಅವರು ಹಳ್ಳುಪ್ಪು ಎಲ್ಲಿ ಇಡ್ತಿದ್ರೀ? ಪುಡಿ ಉಪ್ಪು ತೀರೈತಿ."

"ಇಟ್ಟವಳನ್ನ ಕೇಳು."

ಊಟಕ್ಕೆ ಕೂತಾಗ ರೊಟ್ಟಿ, ಸಾರು ಬಡಿಸಿದಳು. ನಾನು ಬಟ್ಟಲು ಖಾಲಿ ಮಾಡಿ ಮತ್ತೆ ಹಾಕಿಸಿಕೊಂಡೆ.

"ಉಪ್ಪ ಇಲ್ಲ ಇದಕ್ಕ," ಅಂದಳು ಯಶಿ.

"ನಿಮ್ಮಜ್ಜಿ ಹೇಳ್ಲಿಲ್ಲ ಮಗಾ, ಹಾಕಲಿಲ್ಲ," ಅಂದಳು ಹೊಸಬಳು. ಆಮೇಲೆ ನನ್ನ ಬಟ್ಟಲನ್ನು ನೋಡಿದಳು, ನನ್ನನ್ನು ನೋಡಿದಳು. "ಯವ್ವಾ, ನಿಮಗ ಗೊತ್ತಾಗ್ಲಿಲ್ಲೇನ್ರೀ?"

ನಾನು ಇನ್ನೊಂದು ರೊಟ್ಟಿ ಮುರಿದೆ.

"ನಮ್ಮ ಮನಿಯವರು ಹೋದಾಗ ನಂದೂ ಹಿಂಗ ಆಗಿತ್ರೀ. ನಾಲಗಿನ ಸತ್ತು ಹೋಗಿತ್ತು. ಬಾಳ ದಿನ."

"ನಿನ್ನ ನಾಲಗಿ ಸುದ್ದಿ ನಿನ್ನ ಗಂಡಗ ಹೇಳು," ಅಂದು ಎದ್ದು ಕೈ ತೊಳೆದೆ. ಉಪ್ಪು ಮೇಲಿನ ಗೂಡಿನಲ್ಲಿದೆ, ಬಿಳಿ ಭರಣಿಯಲ್ಲಿ. ಅದನ್ನು ಅವಳಿಗೆ ಹೇಳಲಿಲ್ಲ.

ಟ್ರ್ಯಾಕ್ಸ್ ಹೊರಡುವ ಹೊತ್ತಾಯಿತು. ಹಾರನ್ ಹೊಡೆಯುತ್ತಿದ್ದಾನೆ.

ಮೇ 9, ಬುಧವಾರ

ನಿನ್ನೆಯದೆಲ್ಲ ಇವತ್ತು ಬರೆಯುತ್ತಿದ್ದೇನೆ.

ಪಾರ್ಕಿನ ಮುಂದೆ ಇಳಿಸಿ ಪಾಲಾಕ್ಷಪ್ಪ ನಮಗೆ ಪಾಠ ಹೇಳಿದ. "ಬಾಗಿಲಾ ತೆಗೆದ ಕೂಡಲೇ ಮಂದೆಲ್ಲ ಮುಂದಿನ ಆಟಕ್ಕ ಬೀಳ್ತಾರ. ನೀವು ಅಲ್ಲಿ ನಿಲ್ಲಬ್ಯಾಡ್ರಿ, ಸೀದಾ ಹಿಂದಿನ ತುದಿಗೆ ಹೋಗ್ರಿ. ದೋಣಿ ಆಟದ ಮುಂದ ಚೀಟಿ ಕೊಡೋ ಕಿಟಕಿ ಐತಿ. ಮೊದಲ ಚೀಟಿ ತಗೊಳ್ರಿ. ಅದರಾಗ ಬರೆದ ಹೊತ್ತಿಗೆ ಸಣ್ಣ ಗೇಟಿಗೆ ಹೋದ್ರ ನಿಲ್ಲೋದ ಇಲ್ಲ, ಸೀದಾ ಒಳಗ. ಉಳಿದ ಆಟ ಎಲ್ಲಾರೂ ಉಣ್ಣೋ ಹೊತ್ತಿನ್ಯಾಗ ಆಡ್ರಿ. ಮಂಗಳವಾರ ಮಂದಿ ಕಡಿಮಿ ಇರ್ತಾರ."

"ಎಷ್ಟು ಸಲ ಆಡೀಯಪ್ಪ ನೀನು?"

"ನಾನೆಲ್ಲಿ ಒಳಗ ಹೋಗ್ಲಿ ಅತ್ತಿ. ಡ್ರೈವರ್‌ಗಳು ಗಾಡಿ ನೆಳ್ಳಾಗ ಮಲಗಿ ಮಾತಾಡ್ಕೊಂತಾರ, ಅದನ್ನ ಕೇಳೀನಿ."

ರಾತ್ರಿಯೆಲ್ಲ ಗಾಡಿ ಹೊಡೆದಿದ್ದ. ಸೀಟಿನ ಮೇಲೆ ಮಲಗಿಬಿಟ್ಟ. ಮಾಸ್ತರ ಮನೆಯವರು ತಮ್ಮ ದಾರಿ ಹಿಡಿದರು. ನಾವು ಮೂವರು ಹೆಂಗಸರು ಉಳಿದೆವು.

ಮಂಗಳವಾರ ಮಂದಿ ಕಡಿಮೆಯಂತೆ! ರಜೆಯಲ್ಲಿ ದಿನವೂ ಐತವಾರವೇ. ಬಣ್ಣಬಣ್ಣದ ಚಡ್ಡಿ ಹಾಕಿದ ಗಂಡಸರು, ಕೂಗುವ ಕೂಸುಗಳು, ಮೇಲೆ ಕಬ್ಬಿಣದ ಹಾವಿನಂಥ ದಾರಿಯಲ್ಲಿ ತಲೆಕೆಳಗಾಗಿ ಕಿರುಚುವ ಜನ. ದುಡ್ಡು ಕೊಟ್ಟು ಕಿರುಚುತ್ತಾರೆ. ನಮ್ಮೂರಿಗೆ ಬಂದಿದ್ದರೆ ಕರಡಿ ತೋರಿಸಿ ಪುಕ್ಕಟೆ ಕಿರುಚಿಸುತ್ತಿದ್ದೆ. ಯಾವುದನ್ನು ನೋಡಿದರೂ ನನಗೆ ಏನೂ ಅನಿಸಲಿಲ್ಲ. ಸಂತೆಯಲ್ಲಿ ಇಳಿಸಿಟ್ಟ ಮೂಟೆಯ ಹಾಗೆ ಅವರ ಹಿಂದೆ ನಡೆದೆ.

ಪಾಲಾಕ್ಷಪ್ಪ ಹೇಳಿದ ಕಿಟಕಿ ಸಿಕ್ಕಿತು. ಒಳಗಿನ ಹುಡುಗಿ ಮೂವರಿಗೂ ಸೇರಿ ಒಂದು ಚೀಟಿ ಕೊಟ್ಟಳು. ಹನ್ನೆರಡರಿಂದ ಹನ್ನೆರಡೂವರೆ ಎಂದು ಬರೆದಿತ್ತು.

"ಇದನ್ನ ಇಟ್ಕೊಂಡು ಎಲ್ಲಿ ನಿಲ್ಲಬೇಕವ್ವಾ?"

"ನಿಲ್ಲೋದೇ ಬೇಡ ಅಜ್ಜಿ. ಆರಾಮಾಗಿ ಓಡಾಡ್ಕೊಂಡು ಬನ್ನಿ. ಟೈಮಿಗೆ ಸರಿಯಾಗಿ ಆ ಚಿಕ್ಕ ಗೇಟಲ್ಲಿ ಚೀಟಿ ತೋರಿಸಿ."

ಚೀಟಿ ಇಲ್ಲದವರ ದೊಡ್ಡ ಪಾಳಿ ಆಗಲೇ ಕಂಬಿಗಳ ನಡುವೆ ಹಿಂದೆ ಮುಂದೆ ತಿರುಗಿ ತಿರುಗಿ ನಿಂತಿತ್ತು. ನನಗೆ ಒಪ್ಪಿಗೆಯಾಗಲಿಲ್ಲ. ನನ್ನ ಕೈಯಲ್ಲಿರುವ ಕಾಗದ ಇಷ್ಟು ಮಂದಿಯಲ್ಲಿ ಯಾರಿಗೆ ಕಾಣುತ್ತದೆ? ಜಾಗದಲ್ಲಿ ಏನಾದರೂ ಕಾಣಬೇಕು. ಅದು ಪಾಳಿ. ರೊಟ್ಟಿ ಬುತ್ತಿಯ ಬಟ್ಟೆ ಚೀಲವನ್ನು ಸಣ್ಣ ಗೇಟಿನ ಬಾಯಿಗೇ ಇಟ್ಟೆ. ಇದು ಯಾರ ಪಾಳಿ ಅಂತ ಕೇಳಿದರೆ ಗೊತ್ತಾಗಲಿ ಎಂದು ಚೀಟಿಯನ್ನೂ ಅದರೊಳಗೇ ಇಟ್ಟೆ.

"ಯವ್ವಾ, ಚೀಟಿ ಕೈಯಾಗ ಇರ್ಲಿ ಬಿಡ್ರಿ," ಅಂದಳು ಹೊಸಬಳು. "ಆ ಹುಡುಗಿ ಹಂಗ ಹೇಳಿದಳಲ್ಲ."

"ನೀನು ಹೊಳಿ ದಂಡಿಯವಳು. ಮನಿ ಹಿತ್ತಲಾಗ ತುಂಗಭದ್ರಿ ಹರಿತಾಳ. ಕೊಡ ಮುಳುಗಿಸಿದಿ, ತಂದಿ. ನಿನಗ ಪಾಳಿ ಅಂದ್ರ ಏನ್ ಗೊತ್ತೈತಿ?"

ಗೇಟಿನ ಪಕ್ಕ ನಿಂತಿದ್ದ ಒಬ್ಬ ಹೆಂಗಸಿಗೆ, "ಇದು ನಮ್ಮ ಪಾಳಿ, ನೋಡ್ಕೊಳವ್ವಾ," ಅಂದೆ. ಅವಳು ಯಾವ ಭಾಷೆಯವಳೋ, ತಲೆ ಆಡಿಸಿದಳು.

ಆಮೇಲೆ ಒಂದು ದೊಡ್ಡ ಚಕ್ರ, ಒಂದು ಸಣ್ಣ ರೈಲು. ಹುಡುಗಿ ಹೊಸಬಳ ಪಕ್ಕ ಕೂತರೂ ನಡುವೆ ಒಂದು ಮೊಳ ಜಾಗ ಬಿಡುತ್ತಿದ್ದಳು. ಮಾತಿಲ್ಲ. ಅದನ್ನು ನೋಡಿಕೊಂಡು ನಾನು ಕಲ್ಲುಬೆಂಚಿನ ಮೇಲೆ ಕೂತಿದ್ದೆ.

ಹನ್ನೆರಡಕ್ಕೆ ವಾಪಸು ಬಂದರೆ ಚೀಲ ಇಲ್ಲ. ಆ ಹೆಂಗಸೂ ಇಲ್ಲ. ಊರ ನಲ್ಲಿಯ ಮುಂದೆ ಸಂಜೆ ಬಂದರೂ ಅದೇ ಮುಖ, ಅದೇ ಕೊಡ. ಇಲ್ಲಿ ಪಾಳಿ ಅಲ್ಲೇ ಇತ್ತು, ಜನ ಮಾತ್ರ ಎಲ್ಲ ಹೊಸಬರು.

ಗೇಟಿನವನು ಚೀಟಿ ಕೇಳಿದ.

"ಚೀಲದಾಗ ಐತಿ."

"ಚೀಲ ಎಲ್ಲಮ್ಮ?"

"ಇಲ್ಲೇ ಇಟ್ಟಿದ್ನೆಪ್ಪ, ನಿನ್ನ ಕಾಲ ಬುಡಕ."

ವಾರಸುದಾರರಿಲ್ಲದ ಚೀಲ ಎಂದು ಕಾವಲಿನವರು ಎತ್ತಿಕೊಂಡು ಹೋಗಿದ್ದರಂತೆ. ಮುಂದಿನ ಬಾಗಿಲ ಹತ್ತಿರದ ಆಫೀಸಿನಲ್ಲಿ ಇದೆಯಂತೆ. ಪಾರ್ಕಿನ ಆ ತುದಿ. ಹೊಸಬಳು ಸೀರೆ ಎತ್ತಿ ಕಟ್ಟಿ ಓಡಿದಳು. ಏದುಸಿರು ಬಿಡುತ್ತ ಚೀಲ ತಂದಾಗ ಹನ್ನೆರಡೂವರೆ ದಾಟಿತ್ತು. ಗೇಟಿನವನು ಚೀಟಿ ನೋಡಿ ತಲೆ ಅಲ್ಲಾಡಿಸಿದ. ಕಿಟಕಿಯಲ್ಲಿ ಕೇಳಿದರೆ ಇವತ್ತಿನ ಚೀಟಿ ಮುಗಿದವು ಅಂದರು. "ಬೇಕಾದ್ರೆ ಆ ಲೈನಲ್ಲಿ ನಿಂತ್ಕೊಳ್ಳಿ."

ಯಶಿ ನೆಲದ ಮೇಲೆ ಕೂತಳು. "ಅವ್ವ ಹೇಳಿದ್ದಳು," ಅಂದಳು. ಮತ್ತೊಮ್ಮೆ ಅಂದಳು. ಆಮೇಲೆ ಅತ್ತಳು. ಅಂಥ ಅಳುವನ್ನು ನಾನು ಕೇಳಿರಲಿಲ್ಲ. ಹೊಟ್ಟೆಯೊಳಗಿಂದ ಏನೋ ಕಿತ್ತು ಬರುವ ಹಾಗೆ. ಹೆಣದ ಮುಂದೆ ಅಳದ ಹುಡುಗಿ ಒಂದು ದೋಣಿಗಾಗಿ ಅಷ್ಟು ಮಂದಿಯ ಕಾಲ ನಡುವೆ ಕೂತು ಅತ್ತಳು. ನಾನು ನೋಡುತ್ತ ನಿಂತೆ. ಅವಳ ತಲೆ ಸವರಲು ಕೈ ಏಳಲಿಲ್ಲ. ಇನ್ನು ಇವಳು ಹರಪನಹಳ್ಳಿಗೆ ಹೋಗುವುದಿಲ್ಲ, ಹುನ್ನಾರ ಮುರಿಯಿತು ಎಂದು ಮನಸ್ಸು ಹೇಳಿತು. ಅದರಿಂದ ಸಂತೋಷವೂ ಆಗಲಿಲ್ಲ.

ನಿಮ್ಮಿಂದಲೇ ಹೀಗಾಯಿತು ಎಂದು ಹೊಸಬಳು ಒಂದು ಮಾತಾದರೂ ಅನ್ನಬಹುದಿತ್ತು. ಅಂದಿದ್ದರೆ ಜಗಳ ತೆಗೆಯುತ್ತಿದ್ದೆ. ಅವಳು ಹುಡುಗಿಯ ಎದುರು ಕುಕ್ಕರುಗಾಲಲ್ಲಿ ಕೂತು ಸೆರಗಿನಿಂದ ಅವಳ ಮೂಗು ಒರೆಸಿದಳು.

"ಏಳು ಮಗಾ. ನಾವೂ ಪಾಳಿ ಹಚ್ಚೋಣು."

"ಬಾಳ ಮಂದಿ ಅದಾರ."

"ಇರ್ಲಿ. ಹೊಳಿ ದಂಡಿಯವಳಿಗೆ ಪಾಳಿ ಗೊತ್ತಿಲ್ಲಂತ ನಿಮ್ಮಜ್ಜಿ ಅಂದಾಳ. ನೀನ ಕಲಿಸು ನನಗ."

ಯಶಿ ಬಿಕ್ಕುತ್ತ ಎದ್ದಳು.

ನಾನು ತಗಡಿನ ನೆರಳಿನಲ್ಲಿ ಕೂತೆ. ಪಾಳಿ ಬಿಸಿಲಲ್ಲಿತ್ತು. ಅವರು ಕಂಬಿಯ ನಡುವೆ ಸ್ವಲ್ಪ ಮುಂದೆ ಬರುವರು, ತಿರುಗಿ ಹಿಂದೆ ಹೋಗುವರು, ಮತ್ತೆ ಬರುವರು. ನನಗೆ ಮಾತು ಕೇಳಿಸದು, ಕಾಣುವುದಷ್ಟೇ. ಮೊದಲು ಇಬ್ಬರೂ ಸುಮ್ಮನಿದ್ದರು. ಒಂದು ತಿರುವಿನಲ್ಲಿ ಅವಳು ಸೆರಗು ಬಿಚ್ಚಿ ಹುಡುಗಿಯ ತಲೆಯ ಮೇಲೆ ನೆರಳು ಹಿಡಿದಿದ್ದಳು. ಇನ್ನೊಂದು ತಿರುವಿಗೆ ಬಂದಾಗ ಯಶಿಯ ತುಟಿ ಆಡುತ್ತಿತ್ತು. ಮೂರನೆಯದಕ್ಕೆ ಬಂದಾಗ ಕೈಯೂ ಆಡುತ್ತಿತ್ತು. ಏನೋ ಅಗಲವಾದದ್ದನ್ನು, ಏನೋ ಎತ್ತರದ್ದನ್ನು ತೋರಿಸುತ್ತಿದ್ದಳು. ಅವಳಿಗೆ ಅಷ್ಟು ಮಾತು ಬರುತ್ತದೆಂದು ನನಗೆ ಮರೆತೇಹೋಗಿತ್ತು. ಚಡ್ಡಿ ಹಾಕಿದ ಒಬ್ಬ ದಾಂಡಿಗ ಕಂಬಿ ಹಾರಿ ಅವರ ಮುಂದೆ ನುಗ್ಗಿದ. ಮೆಲ್ಲಗೆ ಮಾತಾಡುವ ಆ ಹೆಣ್ಣಿನ ಗಂಟಲು ನನ್ನ ತಗಡಿನವರೆಗೂ ಕೇಳಿಸಿತು: "ಏಯ್ ಹಿಂದ ನಡಿಯೋ! ನಿಮ್ಮಪ್ಪನ ಗದ್ದೇನು ಇದು? ನಮ್ಮ ಹುಡುಗಿ ಆಗಿಂದ ನಿಂತಾಳ!" ಅವನು ಹಿಂದೆ ಹೋದ. ಯಶಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಹೊತ್ತು ಬಾಗಿದ ಮೇಲೆ ಅವರ ಪಾಳಿ ಬಂತು. ದೋಣಿ ಮೇಲೇರಿತು. ಧುಮುಕಿತು. ನೀರು ಎದ್ದು ಏನೂ ಕಾಣದಾಯಿತು. ನಾನು ಎದ್ದು ನಿಂತಿದ್ದೆ, ಯಾವಾಗ ಎದ್ದೆನೋ ಗೊತ್ತಿಲ್ಲ.

ಇಬ್ಬರೂ ತೊಪ್ಪನೆ ತೊಯ್ದು ಬಂದರು.

"ಅಜ್ಜೀ! ಮ್ಯಾಲ ಹೋದಾಗ ನೀ ಇರುವಿ ಕಂಡಂಗ ಕಂಡಿ! ಚಿಗವ್ವ ಕಣ್ಣು ಮುಚ್ಕೊಂಡಿದ್ದಳು, ನಾ ಮುಚ್ಚಲಿಲ್ಲ! ನೀನೂ ಬಾ ಅಜ್ಜಿ."

"ಸಾಯಾಕ ದೋಣಿ ಯಾಕ ಬೇಕು ನನಗ? ತಲಿ ಒರಸ್ಕೋ, ನೆಗಡಿ ಆದೀತು."

ಹೊಸಬಳನ್ನು ಚಿಗವ್ವ, ಚಿಕ್ಕಮ್ಮ, ಎಂದು ಅವಳು ಕರೆದದ್ದನ್ನು ನಾನು ಆಮೇಲೆ ಗಾಡಿಯಲ್ಲಿ ಗಮನಿಸಿದೆ. ರೊಟ್ಟಿ ಬುತ್ತಿ ಬಿಚ್ಚಿ ಮೂವರೂ ತಿಂದೆವು. ಬರುವಾಗ ದಾರಿಯುದ್ದಕ್ಕೂ ಯಶಿ ನಿದ್ದೆ ಮಾಡಿದಳು, ತಲೆ ಆ ಹೊಸಬಳು ಶಿವಮ್ಮನ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ. ಕಾಲು ತಣ್ಣಗಿದ್ದವು. ತಿಕ್ಕುತ್ತ ಕೂತೆ.

ಮೇ 10, ಗುರುವಾರ

ಊರಿಗೆ ಬಂದೆವು. ಯಶಿಯ ಬಾಯಿ ಮುಚ್ಚುತ್ತಿಲ್ಲ.

"ಪಾಳ್ಯಾಗ ಅಷ್ಟೊತ್ತು ಏನು ಮಾತಾಡಿದ್ರಿ?" ಅಂದೆ.

"ಚಿಗವ್ವ ಅವ್ವನ ಸುದ್ದಿ ಕೇಳಿದಳು. ಅವ್ವ ಹೆಂಗ ನಗ್ತಿದ್ದಳು, ಹೆಂಗ ಬೈತಿದ್ದಳು, ತಲಿ ಹೆಂಗ ಬಾಚ್ತಿದ್ದಳು, ಎಲ್ಲಾ. ನಾ ಹೇಳಿದೆ. ಅಜ್ಜಿ, ನೀ ಯಾಕ ಒಂದೂ ಕೇಳಂಗಿಲ್ಲ?"

ನಾನು ಹೆತ್ತವಳು. ನನಗೆ ಗೊತ್ತಿಲ್ಲದ್ದು ಏನಿದೆ ಕೇಳಲು. ಹಾಗೆ ಅನ್ನಬೇಕೆಂದುಕೊಂಡೆ. ಎದ್ದು ಎಮ್ಮೆಗೆ ಹುಲ್ಲು ಹಾಕಲು ಹೋದೆ.

ಮೇ 13, ಭಾನುವಾರ

ಯಶಿ ಮಲಗುವ ಮುಂಚೆ ಕೇಳಿದೆ, ಅವ್ವ ಹೆಂಗ ನಗ್ತಿದ್ದಳು ಅಂತ. ಮೂಗಿನಿಂದ ಒಂದು ಶಬ್ದ ಮಾಡಿ ತೋರಿಸಿದಳು. ಹೌದು. ಹಾಗೇ ನಗುತ್ತಿದ್ದಳು, ಹಂದಿಮರಿ ಹಾಗೆ.

ಮೇ 20, ಭಾನುವಾರ

ಗುರುಸಂಗಪ್ಪ ಬಂದು ಕಟ್ಟೆಯ ಮೇಲೆ ಕೂತ. ಪಾ‌ಲಾಕ್ಷಪ್ಪ ಬಂದಿದ್ದ, ಶಿವಮ್ಮನೂ ಬಂದಿದ್ದಳು. ಗಾದೆಮ್ಮ ಕರೆಯದೇ ಬಂದಿದ್ದಳು, ಕೈಯಲ್ಲಿ ಉಪ್ಪಿನಕಾಯಿ ಬಟ್ಟಲು. ಅವಳ ಉಪ್ಪಿನಕಾಯಿಗೆ ಉಪ್ಪು ಯಾವತ್ತೂ ಜಾಸ್ತಿ, ಇವತ್ತಂತೂ ಬಾಯಿಗೆ ಇಡುವ ಹಾಗಿರಲಿಲ್ಲ. ಹೇಳಿದೆ. ಮುಖ ಊದಿಸಿದಳು.

"ಯವ್ವಾ ಯಶೋಧಾ," ಅಂದ ಗುರುಸಂಗಪ್ಪ. "ಹೆದರಬ್ಯಾಡ. ಅಪ್ಪನ ಮನಿಗೆ ಹೋಗ್ತೀಯೋ, ಅಜ್ಜಿ ತಾವ ಇರ್ತೀಯೋ? ನೀ ಅಂದದ್ದ ಖರೆ."

ಹುಡುಗಿ ನನ್ನನ್ನು ನೋಡಿದಳು. ನೋಡದೆಯೂ ನನಗೆ ಗೊತ್ತಾಯಿತು. ನಾನು ಅಡಿಕೆ ಕತ್ತರಿಸುತ್ತಿದ್ದೆ. ಒಂದು ಸಲ ತಲೆ ಎತ್ತಿದ್ದರೆ ಸಾಕಿತ್ತು, ಒಲ್ಲೆ ಅನ್ನುತ್ತಿದ್ದಳು. ಅವಳು ಅಂಥ ಹುಡುಗಿ. ನಾನು ಇನ್ನೊಂದು ಅಡಿಕೆ ತೆಗೆದುಕೊಂಡೆ. ಅದನ್ನೂ ಕತ್ತರಿಸಿದೆ.

"ಅಜ್ಜಿ, ನಾ ಹೋದ್ರ ನೀ ಅಳ್ತೀಯೇನು?"

"ಅಳಾಕ ನನಗ್ಯಾವ ಪುರುಸೊತ್ತೈತಿ? ನಲ್ಲಿಗೆ ಕೊಡ ಇಡ್ಬೇಕು, ಎಮ್ಮಿ ಕಟ್ಬೇಕು. ನೀ ಹೋದ್ರ ಒಂದು ಹಾಸಿಗಿ ಮಡಚೋ ಕೆಲಸ ಕಡಿಮಿ."

"ಹಂಗಾರ ಹೋಗ್ತೀನಿ. ದಸರಾಕ್ಕ ಬರ್ತೀನಿ."

ಯಾಕೆ ತಲೆ ಎತ್ತಲಿಲ್ಲವೋ. ಅಡಿಕೆ ಇಡೀ ವಾರಕ್ಕಾಗುವಷ್ಟು ಕತ್ತರಿಸಿ ಇಟ್ಟಿದ್ದೇನೆ.

ಮೇ 28, ಸೋಮವಾರ

ಹೋದರು.

ಬಸ್ಸು ಬರುವವರೆಗೆ ಶಿವಮ್ಮನಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಎಡ ಕಿವಿಗೆ ನೀರು ಹೋಗಬಾರದು. ಬದನೆಕಾಯಿ ಅಂದರೆ ಓಡುತ್ತಾಳೆ, ಸಣ್ಣಗೆ ಹೆಚ್ಚಿ ಬೇಳೆಯಲ್ಲಿ ಹಾಕಿದರೆ ಗೊತ್ತಾಗದೆ ತಿನ್ನುತ್ತಾಳೆ. ಜಡೆ ಬಿಗಿ ಹಾಕಬೇಡ, ತಲೆನೋವು ಬರುತ್ತದೆ. ಉಪ್ಪು ಮೇಲಿನ ಗೂಡಿನಲ್ಲಿದೆ, ಬಿಳಿ ಭರಣಿಯಲ್ಲಿ.

"ಈಗ ಹೇಳ್ತೀರಲ್ರೀ ಯವ್ವಾ! ನಾ ಎರಡು ಸೇರು ಹೊಸಾದು ತಂದೆ."

"ತಂದ್ರ ತಂದಿ. ಉಪ್ಪೇನು ಹಳಸ್ತೈತೇನು?"

ನಕ್ಕಳು. ಅವಳ ಕೈಯೂ ತೆಳ್ಳಗೆ. ಸರಿಯಾಗಿ ಉಣ್ಣುವುದಿಲ್ಲ ಅನಿಸುತ್ತದೆ. ಮೊಸರು ತಿನ್ನು ಎಂದು ಬೈದು ಕಳಿಸಿದೆ.

ಯಶಿ ಕಿಟಕಿ ಹಿಡಿದುಕೊಂಡು ಕೂತಳು. ಬಸ್ಸು ಬಿಟ್ಟ ಮೇಲೆ ತಿರುಗಿ ನೋಡಲಿಲ್ಲ, ಮುಂದೆಯೇ ನೋಡುತ್ತಿದ್ದಳು. ಒಳ್ಳೆಯದಾಯಿತು.

ಜೂನ್ 2, ಶನಿವಾರ

ಏನೂ ಇಲ್ಲ.

ಜೂನ್ 9, ಶನಿವಾರ

ಬೆನಕಪ್ಪನ ಅಂಗಡಿಗೆ ನನಗೆ ಫೋನ್ ಬಂತು. ಯಶಿಗೆ ಏನಾಯಿತೋ ಎಂದು ಒಂದು ಚಪ್ಪಲಿ ಹಾಕಿಕೊಂಡು, ಒಂದು ಬಿಟ್ಟು ಓಡಿದೆ.

"ಯವ್ವಾ, ನಾನ್ರೀ, ಶಿವಮ್ಮ. ಗಾಬರಿ ಆಗಬ್ಯಾಡ್ರಿ, ಯಶಿ ಸಾಲಿಗೆ ಹೋಗ್ಯಾಳ, ಆರಾಮ ಅದಾಳ. ಒಂದು ಮಾತು ಕೇಳಬೇಕಿತ್ರೀ. ಮನಿಯವರಿಗೂ ಹೇಳಿಲ್ಲ."

"ಕೇಳಬಾರದ? ಫೋನ್ಯಾಗ ದಮ್ಮು ಎಳೀತಿ ಯಾಕ?"

ಮೆಲ್ಲಗೆ ಅಂದಳು: "ಹಗಲೆಲ್ಲ ಚಿಗವ್ವಾ ಚಿಗವ್ವಾ ಅಂತಾಳ್ರೀ. ರಾತ್ರಿ ನಿದ್ದಿಗಣ್ಣಾಗ ಮಾತ್ರ ಅವ್ವಾ ಅಂತ ಕರೀತಾಳ. ಅವರನ್ನ ಕರೀತಾಳೋ, ನನ್ನ ಕರೀತಾಳೋ, ಗೊತ್ತಾಗವಲ್ದು. ಓ ಅಂದ್ರ ಅವರದನ್ನ ನಾ ಕಸಗೊಂಡಂಗ ಆಗ್ತೈತೇನೋ ಅಂತ ಜೀವ ಹಿಡೀತೈತಿ. ಸುಮ್ಮನಿದ್ರ ಕೂಸು ಮತ್ತ ಮತ್ತ ಕರೀತೈತ್ರೀ. ನೀವು ಹೆತ್ತವರು. ಹೇಳ್ರಿ, ನಾ ಏನು ಮಾಡ್ಲಿ?"

ಅಂಗಡಿಯಲ್ಲಿ ಬೆನಕಪ್ಪ ಯಾರಿಗೋ ಸಕ್ಕರೆ ತೂಗುತ್ತಿದ್ದ. ತಕ್ಕಡಿ ಮೇಲೆ ಕೆಳಗೆ ಆಡುತ್ತಿತ್ತು. ನಾನು ಅದು ನಿಲ್ಲುವವರೆಗೂ ನೋಡಿದೆ.

"ಯವ್ವಾ? ಅದೀರೇನ್ರೀ?"

"ಅದೀನಿ," ಅಂದೆ. "ಓ ಅನ್ನು. ಯಾರನ್ನರ ಕರೀಲಿ, ಎಚ್ಚರಿದ್ದವರು ಓ ಅನಬೇಕು."

ಫೋನ್ ಇಡು, ಬಿಲ್ಲು ಏರುತ್ತದೆ ಅಂದೆ.

ಅಂಗಡಿಯ ಕಟ್ಟೆಯ ಮೇಲೆ ಕೂತು ನಾನು ಎದೆ ಬಡಿದುಕೊಂಡು ಅತ್ತೆನಂತೆ, ನಾಲ್ಕು ಮಂದಿ ಹಿಡಿದು ಮನೆಗೆ ತಂದು ಬಿಟ್ಟರಂತೆ. ಬೆನಕಪ್ಪನ ಹೆಂಡತಿ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. ಹೇಳಲಿ, ಅವಳ ಬಾಯಿಗೆ ಬೀಗ ಹಾಕುವವರು ಯಾರು. ನನಗಂತೂ ಅದು ನೆನಪಿಲ್ಲ. ಇವತ್ತು ರಾತ್ರಿ ಹುಡುಗಿ ಕರೆದರೆ ಶಿವಮ್ಮ ಓ ಅನ್ನುತ್ತಾಳೆ. ಅಷ್ಟು ಗೊತ್ತು.